ತಡೆಯೋ, ನಿವಾರಣೆಯೋ, ಪ್ರತಿರೋಧವೋ? ಒಂದು ಕರಪತ್ರದ ಶೀರ್ಷಿಕೆಯ ಕುರಿತು

ಬದಿಯಡ್ಕದ ಅನುವಾದಕ

ಕೇರಳದಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಳೆಗಾಲಕ್ಕೆ ಮೊದಲು ಮನೆಮನೆಗೆ ಹಂಚಬೇಕಾದ ನಾಲ್ಕು ಪುಟದ ಆರೋಗ್ಯ ಕರಪತ್ರವೊಂದನ್ನು ಮಲಯಾಳದಿಂದ ಕನ್ನಡಕ್ಕೆ ತರುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಡೆಂಗಿ, ಇಲಿಜ್ವರ, ನಾಯಿ ಕಡಿತ ಎಂಬ ಮೂರು ವಿಷಯಗಳಷ್ಟೇ ಅದರಲ್ಲಿವೆ, ವಾಕ್ಯಗಳೂ ಸರಳವಾಗಿವೆ. ಆದರೂ ಮೂರು ದಿನಗಳಿಂದ ನಾನು ಶೀರ್ಷಿಕೆಯನ್ನೇ ದಾಟಲಾಗದೆ ಕುಳಿತಿದ್ದೇನೆ.

ಮೂಲದಲ್ಲಿ ‘ಪಕರ್ಚವ್ಯಾಧಿ ಪ್ರತಿರೋಧ ಪ್ರವರ್ತನಙ್ಙಳ್’ ಎಂದಿದೆ. ಹಿಂದಿನ ಕನ್ನಡ ಪ್ರತಿಯಲ್ಲಿ ಅದು ‘ಸಾಂಕ್ರಾಮಿಕ ರೋಗ ಪ್ರತಿರೋಧ ಚಟುವಟಿಕೆಗಳು’ ಎಂದು ಅಚ್ಚಾಗಿತ್ತು. ಮಲಯಾಳ ಬಲ್ಲವರಿಗೆ ಅದರಲ್ಲಿ ಏನೂ ಕೊರತೆ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಚುಚ್ಚುಮದ್ದು ‘ಪ್ರತಿರೋಧ ಕುತ್ತಿವೆಪ್ಪ್’, ಮುಂಚಿತವಾಗಿ ನುಂಗುವ ಮಾತ್ರೆ ‘ಪ್ರತಿರೋಧ ಗುಳಿಗ’. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವರ ಕಿವಿಗೆ ಪ್ರತಿರೋಧವೆಂದರೆ ಮೆರವಣಿಗೆ, ಧರಣಿ, ಅಧಿಕಾರದೆದುರು ಎದೆಯೊಡ್ಡಿ ನಿಲ್ಲುವುದು. ‘ಇಲ್ಲಿ ಪ್ರತಿರೋಧ ಮಾಡುವುದು ನಾವೋ, ರೋಗವೋ?’ ಎಂದು ನಮ್ಮ ಮನೆಯ ಹೈಸ್ಕೂಲು ಹುಡುಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇಂಗ್ಲಿಷಿನ ಪ್ರಿವೆನ್ಷನ್ ಎಂಬ ಪದಕ್ಕೆ ಕನ್ನಡದಲ್ಲಿ ತಡೆ, ತಡೆಗಟ್ಟುವಿಕೆ, ನಿವಾರಣೆ, ನಿರೋಧ, ಪ್ರತಿಬಂಧ, ಮುಂಜಾಗ್ರತೆ, ಮುನ್ನೆಚ್ಚರಿಕೆ ಎಂದು ಹಲವು ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಅಚ್ಚಿಗೆ ಕೊಡಲು ಒಂದು ವಾರದ ಸಮಯವಿದೆ.

ಅಡ್ಕದ ತೋಟದವ, ಪೆರ್ಲ

ಇದರಲ್ಲಿ ಇಷ್ಟೊಂದು ಯೋಚಿಸುವುದೇನಿದೆ? ‘ರೋಗ ನಿವಾರಣೆ’ ಎಂದು ಹಾಕಿ. ಎಲ್ಲರಿಗೂ ಅರ್ಥವಾಗುತ್ತದೆ.

ಕೋರ್ಟು ಕಾಗದ, ಕಾಸರಗೋಡು

ಎಲ್ಲರಿಗೂ ಅರ್ಥವಾಗುವುದು ನಿಜ, ಆದರೆ ತಪ್ಪಾಗಿ ಅರ್ಥವಾಗುತ್ತದೆ. ಕನ್ನಡದಲ್ಲಿ ನಿವಾರಣೆಯೆಂದರೆ ಬಂದು ಕುಳಿತದ್ದನ್ನು ಹೊರಗೆ ಹಾಕುವುದು. ನೋವು ನಿವಾರಕ ಮಾತ್ರೆಯನ್ನು ನಾವು ನೋವು ಬಂದ ಮೇಲೆ ನುಂಗುತ್ತೇವೆ, ಬಡತನ ನಿವಾರಣೆಯ ಯೋಜನೆ ಬಡವರಿಗಾಗಿ ಇರುತ್ತದೆ, ದೋಷ ನಿವಾರಣೆಗೆ ಮೊದಲು ಜೋಯಿಸರಲ್ಲಿ ಪ್ರಶ್ನೆಯಿಟ್ಟು ದೋಷ ಇದೆಯೆಂದು ಕಾಣಬೇಕಾಗುತ್ತದೆ. ಕುಂದುಕೊರತೆ ನಿವಾರಣಾ ಸಭೆಗೆ ಕುಂದುಕೊರತೆ ಇಲ್ಲದವರು ಹೋಗುವುದಿಲ್ಲ.

ಗೊಂದಲ ಹುಟ್ಟುವುದು ಹಿಂದಿಯಿಂದ. ಅಲ್ಲಿಯ ಕಾನೂನು ಭಾಷೆಯಲ್ಲಿ ಇದೇ ಸಂಸ್ಕೃತ ಪದ ಪ್ರಿವೆನ್ಷನ್ನಿಗೆ ನಿಂತಿದೆ: 1988ರ ಭ್ರಷ್ಟಾಚಾರ ಕಾಯ್ದೆ ಅಲ್ಲಿ ‘ಭ್ರಷ್ಟಾಚಾರ ನಿವಾರಣ್’, 1989ರ ಪರಿಶಿಷ್ಟರ ಮೇಲಿನ ದೌರ್ಜನ್ಯದ ಕಾಯ್ದೆ ‘ಅತ್ಯಾಚಾರ್ ನಿವಾರಣ್’. ಸಂಸ್ಕೃತದ ನಿವಾರಣ ಮೂಲತಃ ಹೊರಗೇ ನಿಲ್ಲಿಸುವುದನ್ನು, ಒಳಬಿಡದಿರುವುದನ್ನು ಸೂಚಿಸುವ ಪದವಾದ್ದರಿಂದ ಹಿಂದಿಯವರನ್ನು ದೂರುವಂತಿಲ್ಲ. ನಮ್ಮಲ್ಲಿ ಪದ ಬೇರೆ ದಾರಿ ಹಿಡಿಯಿತು, ಅಷ್ಟೆ. ಅವರ ಹೆಸರನ್ನು ಹಾಗೆಯೇ ಎತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2013ರ ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ಕಾಯ್ದೆಯನ್ನು ನೋಡಬಹುದು. ಅದರ ಹೆಸರಿನಲ್ಲಿಯೇ ಮೂರು ಕೆಲಸಗಳಿವೆ. ಕಿರುಕುಳ ನಡೆಯದಂತೆ ನೋಡಿಕೊಳ್ಳುವುದು ಒಂದು, ಅದು ಕೂಡದೆಂದು ಸಾರುವುದು ಇನ್ನೊಂದು, ನಡೆದುಹೋದರೆ ದೂರಿಗೆ ನ್ಯಾಯ ಒದಗಿಸುವುದು ಮೂರನೆಯದು. ಹಿಂದಿ ಹೆಸರಿನಲ್ಲಿ ನಿವಾರಣ್ ಮೊದಲನೆಯ ಸ್ಥಾನದಲ್ಲಿದೆ. ಕನ್ನಡಿಗನ ಕಿವಿ ಅದೇ ಪದವನ್ನು ಮೂರನೆಯ ಸ್ಥಾನಕ್ಕೆ ಒಯ್ಯುತ್ತದೆ. ಹೀಗೆ ಒಂದೇ ಪದ ಒಂದು ಕಾಯ್ದೆಯ ಹೆಸರಿನ ಎರಡು ತುದಿಗಳಲ್ಲಿ ನಿಲ್ಲುವಂತಾದರೆ ಅನುವಾದಕ ಎಚ್ಚರವಾಗಿರಲೇಬೇಕು. ನನ್ನ ಮತ ‘ತಡೆ’ಗೆ.

ತಾಳವಾಡಿಯವನು

ಈರೋಡು ಜಿಲ್ಲೆಯ ಬೆಟ್ಟದ ಮೇಲಿನ ಕನ್ನಡಿಗ ನಾನು. ನಮ್ಮ ಕಡೆ ಈ ತೊಂದರೆ ಇಲ್ಲ, ಏಕೆಂದರೆ ತಮಿಳಿನಲ್ಲಿ ಎಲ್ಲದಕ್ಕೂ ‘ತಡುಪ್ಪು’ ಎಂಬ ಒಂದೇ ಪದವಿದೆ. ರೋಗಕ್ಕೂ ಅದೇ, ಭ್ರಷ್ಟಾಚಾರಕ್ಕೂ ಅದೇ, ಅಪರಾಧ ನಡೆಯುವ ಮೊದಲೇ ಹಿಡಿದಿಡುವುದು ‘ತಡುಪ್ಪುಕ್ ಕಾವಲ್’. ಲಸಿಕೆಗೆ ‘ತಡುಪ್ಪೂಸಿ’, ಅಂದರೆ ತಡೆಯುವ ಸೂಜಿ. ನಮ್ಮ ಊರಿನ ಮುದುಕಿಯರು ಕನ್ನಡದಲ್ಲಿ ಮಾತನಾಡುವಾಗಲೂ ‘ಮಗೂಗೆ ತಡುಪ್ಪೂಸಿ ಹಾಕಿಸಿದ್ರಾ?’ ಎಂದೇ ಕೇಳುತ್ತಾರೆ. ಕನ್ನಡದ ತಡೆಯೂ ಅದರ ಒಡಹುಟ್ಟೇ ಆಗಿರುವುದರಿಂದ ಅಂಜಿಕೆಯಿಲ್ಲದೆ ಬಳಸಬಹುದು.

ಅಕ್ಕಲಕೋಟೆ ಓದುಗ

ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಮರಾಠಿ ಫಲಕಗಳ ಮೇಲೆ ಕಾಣುವುದು ‘ಪ್ರತಿಬಂಧಕ’. ಲಂಚದ ದೂರು ಕೊಡುವ ಇಲಾಖೆ ‘ಲಾಚಲುಚಪತ ಪ್ರತಿಬಂಧಕ ವಿಭಾಗ’, ರೋಗದ ಕಾಲದಲ್ಲಿ ‘ಪ್ರತಿಬಂಧಾತ್ಮಕ ಉಪಾಯ’. ಹೀಗಾಗಿ ಇಲ್ಲಿಯ ಕನ್ನಡ ಶಾಲೆಯ ಮಕ್ಕಳಿಗೆ ಪ್ರತಿಬಂಧಕವೇ ಸಹಜವೆನಿಸುತ್ತದೆ. ಅದೇ ಪದವನ್ನು ಹಿಂದಿಯವರು ನಿಷೇಧಕ್ಕೆ ಬಳಸುತ್ತಾರೆ ಎಂಬುದು ರೈಲು ಹತ್ತಿ ಉತ್ತರಕ್ಕೆ ಹೋದಾಗಲೇ ತಿಳಿಯುವುದು.

ಆದೋನಿ ಬಜಾರು

ಇಲ್ಲಿ ತೆಲುಗಿನಲ್ಲಿ ಅದೇ ಲಂಚದ ಇಲಾಖೆ ‘ಅವಿನೀತಿ ನಿರೋಧಕ ಶಾಖ’. ಹಾಗಾದರೆ ನಿರೋಧ ಏಕೆ ಬೇಡ?

ಮಂಜೇಶ್ವರದ ನಿವೃತ್ತ ಅಧ್ಯಾಪಕ

ಆದೋನಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿರೋಧ ಶಾಸ್ತ್ರೀಯವಾಗಿ ಒಳ್ಳೆಯ ಪದವೇ ಹೌದು. ಯೋಗಸೂತ್ರದಲ್ಲಿ ಚಿತ್ತವೃತ್ತಿಗಳ ನಿರೋಧವಿದೆ, ‘ರೋಗನಿರೋಧಕ ಶಕ್ತಿ’ ಕನ್ನಡದಲ್ಲಿ ಗಟ್ಟಿಯಾಗಿ ನೆಲೆಸಿದೆ. ಆದರೆ 1968ರಲ್ಲಿ ಸರಕಾರ ಅದೇ ಹೆಸರಿನಲ್ಲಿ ಕುಟುಂಬ ಯೋಜನೆಯ ಸಾಧನವೊಂದನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ತರಗತಿಯಲ್ಲಿ ‘ನಿರೋಧ’ ಎಂದೊಡನೆ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತಿತ್ತು. ಮೂವತ್ತು ವರ್ಷ ಕಲಿಸಿದವನ ಅನುಭವ ಇದು, ಶಾಸ್ತ್ರವಲ್ಲ.

ಇನ್ನು ತಡೆಯ ವಿಷಯ. ತಾಳವಾಡಿಯವರು ಹೇಳಿದಂತೆ ಅದು ನಮ್ಮದೇ ಪದ, ಹಳೆಯ ಪದ. ಆದರೆ ಅದರ ಹೊಟ್ಟೆಯಲ್ಲಿ ನಾಲ್ಕಾರು ಅರ್ಥಗಳಿವೆ. ‘ತಡೆ, ಬಂದೆ’ ಎಂದರೆ ಸ್ವಲ್ಪ ನಿಲ್ಲು ಎಂದು. ‘ನೋವು ತಡೆಯಲಾರೆ’ ಎಂದರೆ ಸಹಿಸಲಾರೆ ಎಂದು. ‘ರಸ್ತೆ ತಡೆ’ ಎಂದರೆ ಹೋರಾಟ. ನ್ಯಾಯಾಲಯದ ತಡೆಯಾಜ್ಞೆ ಬರುವುದು ಸಾಮಾನ್ಯವಾಗಿ ಕೆಲಸ ಆರಂಭವಾದ ಮೇಲೆ. ತಡೆಗಟ್ಟು ಎಂಬುದನ್ನು ಬಿಡಿಸಿದರೆ ತಡೆ ಮತ್ತು ಕಟ್ಟು. ಮಳೆಗಾಲ ಮುಗಿದ ಮೇಲೆ ನಮ್ಮ ಏತಡ್ಕದ ಕಡೆಯವರು ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು ಹಾಕಿ ಹಾಕುವ ಕಟ್ಟವನ್ನು ನೆನಪಿಸಿಕೊಳ್ಳಿ. ಕಟ್ಟ ಹಾಕಬೇಕಾದರೆ ತೋಡಿನಲ್ಲಿ ನೀರು ಹರಿಯುತ್ತಿರಬೇಕು. ಅಂದರೆ ಈ ಪದಗಳೆಲ್ಲ ಹರಿದು ಬರುತ್ತಿರುವುದನ್ನು ಅಡ್ಡಗಟ್ಟುವ ಪದಗಳು. ಇಂಗ್ಲಿಷಿನ ಪ್ರಿವೆಂಟ್ ಹಾಗಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ‘ಮೊದಲೇ ಬರುವುದು’; 1611ರ ಇಂಗ್ಲಿಷ್ ಬೈಬಲಿನಲ್ಲಿ ಆ ಪದ ಇನ್ನೂ ‘ಮುಂದಾಗಿ ಹೋಗು’ ಎಂಬರ್ಥದಲ್ಲಿಯೇ ಬಳಕೆಯಾಗಿದೆ. ಅಲ್ಲಿ ಅಡ್ಡಗಟ್ಟುವ ಚಿತ್ರವಿಲ್ಲ. ಶತ್ರು ತಲಪುವ ಮೊದಲೇ ಜಾಗ ಹಿಡಿಯುವ ಚಿತ್ರವಿದೆ.

ಹಾಗಾದರೆ ಕನ್ನಡಕ್ಕೆ ಈ ‘ಮೊದಲೇ’ ಎಂಬ ಭಾವ ಇಲ್ಲವೇ? ಖಂಡಿತ ಇದೆ, ಆದರೆ ನಾವು ಅದನ್ನು ನಾಮಪದದಲ್ಲಿ ಹುಡುಕುತ್ತಿರುವುದರಿಂದ ಸಿಗುತ್ತಿಲ್ಲ. ಅದು ಕ್ರಿಯಾಪದದ ನಿಷೇಧರೂಪದಲ್ಲಿದೆ. ‘ಹಾಲು ಉಕ್ಕದ ಹಾಗೆ ನೋಡು’, ‘ಮಗು ಬೀಳದಂತೆ ಹಿಡಿ’, ‘ತೋಟಕ್ಕೆ ಹಂದಿ ಬಾರದ ಹಾಗೆ ಬೇಲಿ ಹಾಕು’. ಉಕ್ಕದ, ಬೀಳದ, ಬಾರದ: ಆಗಬಹುದಾದುದನ್ನು ಮನಸ್ಸಿನಲ್ಲಿ ಕಂಡು, ಅದು ಆಗದಿರುವ ಸ್ಥಿತಿಯನ್ನು ಮುಂದಿಟ್ಟುಕೊಂಡು ಕೆಲಸ ಮಾಡುವುದನ್ನು ಕನ್ನಡ ಹೀಗೆ ಎರಡೇ ಪದಗಳಲ್ಲಿ ಹೇಳುತ್ತದೆ. ಒಲೆಯ ಮುಂದೆ ನಿಂತವಳು ಯಾರೂ ‘ಹಾಲುಕ್ಕುವಿಕೆಯ ತಡೆಗಟ್ಟುವಿಕೆ’ ಎನ್ನುವುದಿಲ್ಲ. ಕರಪತ್ರದ ಶೀರ್ಷಿಕೆ ‘ಮಳೆಗಾಲದ ಜ್ವರಗಳು ಬಾರದಂತೆ’ ಎಂದಿರಲಿ ಎಂಬುದು ನನ್ನ ಸಲಹೆ.

ಅಡ್ಕದ ತೋಟದವ, ಪೆರ್ಲ

ಕೋರ್ಟು ಕಾಗದದವರ ಮಾತು ಓದಿ ನಿವಾರಣೆಯ ಪರವಾದ ನನ್ನ ವಾದವನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ತೋಟದ ಭಾಷೆಯನ್ನು ಯಾರೂ ಮುಟ್ಟಲಿಲ್ಲ. ಅಡಕೆಗೆ ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲೇ ನಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ, ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ಚೂರಿಯ ಅಲಗನ್ನು ಅದ್ದಿ ನೋಡಿ, ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ. ನಲ್ವತ್ತು, ನಲ್ವತ್ತೈದು ದಿನ ಕಳೆದ ಮೇಲೆ ಎರಡನೆಯ ಸಲ. ಇದು ಅಪ್ಪಟ ತಡೆಯೇ, ಏಕೆಂದರೆ ತಾಮ್ರ ಕಾಯಿಯ ಮೇಲ್ಮೈಯಲ್ಲಿ ಕುಳಿತು ಮಳೆಹನಿಯ ಜೊತೆ ಸಿಡಿದು ಬರುವ ಬೀಜಕಣಗಳನ್ನು ಕೊಲ್ಲುತ್ತದೆಯೇ ಹೊರತು ಒಮ್ಮೆ ಕೊಳೆ ಹಿಡಿದ ಕಾಯಿಯನ್ನು ಉಳಿಸುವುದಿಲ್ಲ. ಆದರೂ ನಾವು ಅದಕ್ಕೆ ಹೇಳುವುದು ‘ಮದ್ದು ಬಿಡುವುದು’ ಎಂದು. ರೋಗವೇ ಇಲ್ಲದ ಮರಕ್ಕೆ ಮದ್ದು! ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುವಾಗಲೂ ನಮ್ಮವರು ಮದ್ದು ಕುಡಿಯುವುದು ಎಂದೇ ಹೇಳುತ್ತಾರೆ. ಮೈಗೆ ಸೌಖ್ಯವಿಲ್ಲದವನಷ್ಟೇ ಕುಡಿಯಬೇಕೆಂದಿಲ್ಲ, ಮನೆಮಂದಿಯೆಲ್ಲ ಕುಡಿಯುತ್ತಾರೆ. (ಮರ ಗುರುತಿಸಲು ತಿಳಿಯದವರು ಕಾಡಿನಿಂದ ಯಾವುದೋ ತೊಗಟೆ ತರಬೇಡಿ, ಕಾಸರ್ಕದ ತೊಗಟೆ ತಂದರೆ ವಿಷ.) ನಮಗೆ ಮೊದಲು, ಆಮೇಲೆ ಎಂಬುದು ಪದದಲ್ಲಿಲ್ಲ, ತಿಂಗಳಿನಲ್ಲಿದೆ.

ಇನ್ನೊಂದು ಮಾತು, ವಿಷಯ ಬಿಟ್ಟು ಹೋಗದಿದ್ದರೆ. ಈ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದ ಹಾಗೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಕಡಿಮೆಯೆಂದು ಮಿಯಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಕಳ್ಳರ ತಡೆಗೆ ಹಾಕಿದ್ದು ರೋಗದ ತಡೆಯಾಯಿತು.

ದಾದಿ, ಗಡಿನಾಡು

ನಾನು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಅಧ್ಯಾಪಕರ ‘ಬಾರದಂತೆ’ ನನಗೆ ಇಷ್ಟವಾಯಿತು, ಆದರೆ ಅಂಜಿಕೆಯೂ ಆಯಿತು. ‘ಜ್ವರ ಬಾರದಂತೆ’ ಎಂದು ಅಚ್ಚು ಹಾಕಿದ ಮೇಲೆ ಎಲ್ಲವನ್ನೂ ಪಾಲಿಸಿದ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಆ ಕಾಗದವನ್ನು ನಮ್ಮ ಮುಖದ ಮುಂದೆ ಹಿಡಿಯುತ್ತಾರೆ. ‘ತಡೆ’ ಪ್ರಯತ್ನವನ್ನು ಹೇಳುತ್ತದೆ, ‘ಬಾರದಂತೆ’ ಫಲವನ್ನೇ ಹೇಳಿಬಿಡುತ್ತದೆ.

ಇದಕ್ಕಿಂತ ಮುಖ್ಯವಾದುದು, ಯಾವುದರ ತಡೆ ಎಂಬುದು. ನಮ್ಮ ಪಾಠದಲ್ಲಿ ತಡೆಗೆ ಮೆಟ್ಟಿಲುಗಳಿವೆ: ರೋಗವೇ ಬಾರದಂತೆ ಮಾಡುವುದು ಪ್ರಾಥಮಿಕ, ಬಂದದ್ದನ್ನು ಬೇಗನೆ ಕಂಡುಹಿಡಿದು ಬೆಳೆಯದಂತೆ ಮಾಡುವುದು ದ್ವಿತೀಯ, ಬೆಳೆದ ರೋಗ ಅಂಗವೈಕಲ್ಯ ತರದಂತೆ ಮಾಡುವುದು ತೃತೀಯ. ಮೂರಕ್ಕೂ ಇಂಗ್ಲಿಷಿನಲ್ಲಿ ಪ್ರಿವೆನ್ಷನ್ ಎಂಬ ಒಂದೇ ಹೆಸರು. ನಾಯಿ ಕಡಿತವನ್ನು ತೆಗೆದುಕೊಳ್ಳಿ. ಕಚ್ಚಿದ ಮೇಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಚುಚ್ಚುಮದ್ದು ಹಾಕಿಸಿಕೊಳ್ಳುವುದು ತಡೆಯೋ, ಚಿಕಿತ್ಸೆಯೋ? ಕಡಿತ ಆಗಿಹೋಗಿದೆ, ಅದನ್ನು ಯಾರೂ ತಡೆಯಲಿಲ್ಲ. ಆದರೆ ವೈರಾಣು ನರಗಳ ದಾರಿ ಹಿಡಿದು ಮೆದುಳಿಗೆ ತಲಪುವ ಮೊದಲು ನಾವು ಅಲ್ಲಿಗೆ ತಲಪಬೇಕು, ಏಕೆಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಅಧ್ಯಾಪಕರು ಹೇಳಿದ ‘ಮೊದಲೇ ಬರುವುದು’ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪಾಶ್ಚರನು ನಾಯಿ ಕಚ್ಚಿದ ಹುಡುಗನಿಗೆ ಆ ಮದ್ದು ಕೊಟ್ಟದ್ದೂ 1885ರಲ್ಲಿಯೇ, ಅದೂ ಫ್ರಾನ್ಸಿನಲ್ಲಿಯೇ ಎಂಬುದು ತೋಟದವರ ಮಾತು ಓದುವಾಗ ನೆನಪಾಯಿತು. ‘ಕಚ್ಚಿಯಾಯಿತಲ್ಲ, ಇನ್ನು ತಡೆಯುವುದೇನು’ ಎಂದು ಮನೆಮದ್ದು ಹಚ್ಚಿ ಕುಳಿತವರನ್ನು ನಾನು ಕಂಡಿದ್ದೇನೆ. ಆದುದರಿಂದ ಅಲ್ಲಿ ‘ಹುಚ್ಚುನಾಯಿ ರೋಗ ತಡೆ’ ಎಂದಷ್ಟೇ ಬರೆಯಬೇಡಿ. ‘ಕಚ್ಚಿದ ಮೇಲೂ ರೋಗವನ್ನು ತಡೆಯಬಹುದು’ ಎಂದು ಬಿಡಿಸಿ ಬರೆಯಿರಿ.

ಪ್ರತಿರೋಧದ ಬಗ್ಗೆಯೂ ಒಂದು ಮಾತು. ಇಲಿಜ್ವರ ಬಾರದಂತೆ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಕಾರ್ಯಕರ್ತರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಅದು ಆಂಟಿಬಯೋಟಿಕ್. ಅದನ್ನು ‘ಪ್ರತಿರೋಧ ಮಾತ್ರೆ’ ಎಂದು ಕನ್ನಡದಲ್ಲಿ ಬರೆದರೆ, ರೋಗಾಣುಗಳು ಮದ್ದಿಗೆ ಬಗ್ಗದಿರುವ ‘ಆಂಟಿಬಯೋಟಿಕ್ ಪ್ರತಿರೋಧ’ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರು ಏನೆಂದುಕೊಳ್ಳಬೇಕು?

ಕೋರ್ಟು ಕಾಗದ, ಕಾಸರಗೋಡು

ಮುಂಜಾಗ್ರತೆ, ಮುನ್ನೆಚ್ಚರಿಕೆಗಳ ಬಗ್ಗೆ ಯಾರೂ ಮಾತನಾಡದಿರುವುದರಿಂದ ಮತ್ತೆ ಬರೆಯುತ್ತಿದ್ದೇನೆ. ‘ಮುನ್’ ಎಂಬುದು ಅವುಗಳಲ್ಲಿ ಇದೆಯಲ್ಲ, ಅವೇ ಸಾಕಲ್ಲವೇ ಎಂದು ತೋರಬಹುದು. ಆದರೆ ಪರಿಸರ ಕಾನೂನಿನಲ್ಲಿ ತಡೆಯೂ ಮುನ್ನೆಚ್ಚರಿಕೆಯೂ ಬೇರೆ ಬೇರೆ. ಅಪಾಯ ಖಚಿತವಾಗಿ ತಿಳಿದಿರುವಾಗ ಅದನ್ನು ಆಗಗೊಡದಿರುವುದು ತಡೆಯ ತತ್ತ್ವ. ಅಪಾಯವಿದೆಯೆಂದು ವಿಜ್ಞಾನ ಇನ್ನೂ ಪೂರ್ತಿ ಸಾಬೀತು ಮಾಡಿರದಿದ್ದರೂ, ಗಂಭೀರ ಹಾನಿಯ ಸಂಭವವಿದ್ದರೆ ಸಾಬೀತಾಗುವವರೆಗೆ ಕಾಯದಿರುವುದು ಮುನ್ನೆಚ್ಚರಿಕೆಯ ತತ್ತ್ವ. 1992ರ ರಿಯೋ ಘೋಷಣೆಯ ಹದಿನೈದನೆಯ ತತ್ತ್ವ ಇದು. 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಇದನ್ನು ಈ ನೆಲದ ಕಾನೂನಿನ ಭಾಗವೆಂದು ಹೇಳಿತು.

ಕಾಸರಗೋಡಿನವರಿಗೆ ಈ ವ್ಯತ್ಯಾಸವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಕೂಡ ಕಾಗದದ ಮೇಲೆ ಒಂದು ತಡೆಯೇ ಆಗಿತ್ತು. ಹೂವಿಗೆ ಸೊಳ್ಳೆ ತಿಗಣೆ ಎಂಬ ರಸ ಹೀರುವ ಕೀಟ ಬೀಳದಂತೆ ಎಂಬುದು ಅದರ ಉದ್ದೇಶ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಸ್ವರ್ಗ, ಪಡ್ರೆ ಎಂಬ ಊರುಗಳ ಮನೆಗಳಲ್ಲಿ ಮಕ್ಕಳ ಸ್ಥಿತಿಯನ್ನು ಕಂಡವರು ಪ್ರಶ್ನೆ ಎತ್ತಿದಾಗ ಪುರಾವೆ ಕೇಳಲಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ನಿಲ್ಲಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕನ್ನಡದಲ್ಲಿ ಅದನ್ನು ಪರಿಹಾರ ಎನ್ನುತ್ತೇವೆ. ಸಮಸ್ಯೆ ಬಗೆಹರಿದರೂ ಪರಿಹಾರ, ಬಗೆಹರಿಯದೆ ಹಣ ಮಾತ್ರ ಬಂದರೂ ಪರಿಹಾರ. ಈ ಒಂದು ಪದದ ಮೇಲೆ ಬೇರೆಯೇ ಚರ್ಚೆ ನಡೆಸಬೇಕು. ಇಲ್ಲಿ ನಾನು ಹೇಳಬಯಸಿದ್ದು ಇಷ್ಟೆ: ಸೊಳ್ಳೆಯಿಂದ ಡೆಂಗಿ ಬರುತ್ತದೆಂಬುದು ಸಂದೇಹದ ವಿಷಯವಲ್ಲ. ಆದುದರಿಂದ ಕರಪತ್ರಕ್ಕೆ ಬೇಕಾದುದು ಮುನ್ನೆಚ್ಚರಿಕೆಯಲ್ಲ, ತಡೆ.

ಆದೋನಿ ಬಜಾರು

‘ಮುಂದಡೆ’ ಎಂದು ಹೊಸ ಪದ ಕಟ್ಟಿದರೆ ಹೇಗೆ? ಮುನ್ ಮತ್ತು ತಡೆ.

ಮಂಜೇಶ್ವರದ ನಿವೃತ್ತ ಅಧ್ಯಾಪಕ

ವ್ಯಾಕರಣಕ್ಕೆ ಅಡ್ಡಿಯಿಲ್ಲ. ಆದರೆ ಪೆರ್ಲದ ಬಸ್ಸು ನಿಲ್ದಾಣದಲ್ಲಿ ಅದನ್ನು ಓದಿದವರು ಮುಂದಿನ ಕಡೆ ಏನೋ ಇದೆಯೆಂದು ತಿಳಿದು ಪುಟ ತಿರುಗಿಸುತ್ತಾರೆ. ದಾದಿಯವರ ಆಕ್ಷೇಪ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ‘ಬಾರದಂತೆ’ ಎಂದು ನಿಲ್ಲಿಸಿದರೆ ಭರವಸೆಯಾಗುತ್ತದೆ, ನಿಜ. ‘ಬಾರದಂತೆ ನೋಡಿಕೊಳ್ಳೋಣ’ ಎಂದರೆ ಭಾರ ಹೇಳುವವನಿಂದ ಮಾಡುವವರ ಕಡೆಗೆ ಸರಿಯುತ್ತದೆ, ಭರವಸೆಯೂ ತಗ್ಗುತ್ತದೆ. ನಾಮಪದವೇ ಬೇಕೆಂಬ ಕಡೆ ತಡೆಯನ್ನು ಇಟ್ಟುಕೊಳ್ಳಿ. ‘ತಡೆಗಟ್ಟುವಿಕೆ’ ಮಾತ್ರ ಬೇಡ. ಆರು ಅಕ್ಷರ ಓದುವಷ್ಟರಲ್ಲಿ ಸೊಳ್ಳೆ ಕಚ್ಚಿ ಹೋಗಿರುತ್ತದೆ.

ಬದಿಯಡ್ಕದ ಅನುವಾದಕ

ಎಲ್ಲರಿಗೂ ಕೃತಜ್ಞತೆಗಳು. ಕೊನೆಗೆ ಮಾಡಿದ್ದನ್ನು ತಿಳಿಸುತ್ತೇನೆ. ಶೀರ್ಷಿಕೆ ‘ಮಳೆಗಾಲದ ಜ್ವರಗಳು: ಬಾರದಂತೆ ನೋಡಿಕೊಳ್ಳೋಣ’ ಎಂದಾಯಿತು. ಡೆಂಗಿಯ ಭಾಗದಲ್ಲಿ ಮೂಲದ ‘ಉರವಿಡ ನಶೀಕರಣಂ’ ಎಂಬುದನ್ನು ಮೂಲನಾಶ ಎಂದೆಲ್ಲ ಮಾಡದೆ, ‘ವಾರಕ್ಕೊಮ್ಮೆ ಅಂಗಳದ ಅಡಕೆ ಹಾಳೆ, ರಬ್ಬರು ಹಾಲು ಹಿಡಿಯುವ ಚಿರಟೆ, ಟೈರು, ಹೂಕುಂಡದ ತಟ್ಟೆಗಳ ನೀರು ಚೆಲ್ಲಿರಿ, ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು’ ಎಂದು ಬರೆದಿದ್ದೇನೆ. ಅಲ್ಲಿ ತಡೆ ಎಂಬ ಪದವೇ ಬೇಕಾಗಲಿಲ್ಲ. ಇಲಿಜ್ವರದ ಮಾತ್ರೆಗೆ ‘ಮುಂಚಿತವಾಗಿ ನುಂಗುವ ಮಾತ್ರೆ’ ಎಂದಾಯಿತು, ನಾಯಿ ಕಡಿತಕ್ಕೆ ದಾದಿಯವರ ವಾಕ್ಯವನ್ನೇ ಇಟ್ಟಿದ್ದೇನೆ.

ಒಂದು ಕಡೆ ಸೋತಿದ್ದೇನೆ. ಕೆಳಗೆ ಅಚ್ಚಾಗುವ ಸಮಿತಿಯ ಹೆಸರು ಮಲಯಾಳದಲ್ಲಿ ‘ದುರಂತ ನಿವಾರಣ’ ಎಂದಿದೆ. ಕರ್ನಾಟಕದಲ್ಲಿ ಅದಕ್ಕೆ ವಿಪತ್ತು ನಿರ್ವಹಣೆ ಎನ್ನುತ್ತಾರೆ. ಹೆಸರನ್ನು ಬದಲಿಸುವ ಅಧಿಕಾರ ನನಗಿಲ್ಲವೆಂದು ಕೆಲಸ ಕೊಟ್ಟವರು ಹೇಳಿದ್ದರಿಂದ ಹಾಗೆಯೇ ಬಿಟ್ಟೆ.

ಅಡ್ಕದ ತೋಟದವ, ಪೆರ್ಲ

ಕರಡನ್ನು ಮನೆಯಲ್ಲಿ ಓದಿ ಹೇಳಿದೆ. ಅಮ್ಮನಿಗೆ ಎಲ್ಲ ಅರ್ಥವಾಯಿತು. ಹಾಳೆಯ ನೀರು ಚೆಲ್ಲಲು ಹೇಳಿದವರು ಕೊಕ್ಕೋದ ಒಣಗಿದ ಸಿಪ್ಪೆಯನ್ನು ಏಕೆ ಬಿಟ್ಟರು ಎಂದು ಮಾತ್ರ ಕೇಳಿದರು. ಅಚ್ಚಿಗೆ ಹೋಗಿಲ್ಲವಾದರೆ ಸೇರಿಸಿಬಿಡಿ.